ಆಮೆಗೆ ಜೊತೆ ಬೇಡ, ಬೇರೆ ಟಬ್ಬು ಬೇಕು



ಕಳೆದ ತಿಂಗಳ ಗೋಡೆ ಪತ್ರಿಕೆಯಲ್ಲಿ ‘ಸಾಧು ಪ್ರಾಣಿಗಳು’ ಎಂದು ದನ, ಮೊಲ, ಆಮೆಯ ಚಿತ್ರ ಬಿಡಿಸಿದ್ದರು. ಚಿತ್ರ ಚಂದ ಉಂಟು. ಆದರೆ ಆಮೆ ಸಾಧು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕುಲಶೇಖರದ ನಮ್ಮ ಮನೆಗೆ ಬಂದು ನೋಡಿದರೆ ನೀವೂ ಒಪ್ಪಲಿಕ್ಕಿಲ್ಲ.

ಎರಡು ವರ್ಷದ ಹಿಂದೆ ಮಾಮ ಪೇಟೆಯ ಅಂಗಡಿಯಿಂದ ಎರಡು ಮರಿಗಳನ್ನು ತಂದರು. ಕಣ್ಣಿನ ಹಿಂದೆ ಕೆಂಪು ಪಟ್ಟಿ ಇರುವುದರಿಂದ ಇದಕ್ಕೆ ಕೆಂಪು ಕಿವಿಯ ಆಮೆ ಎನ್ನುತ್ತಾರೆ. ಇದರ ಮೂಲ ಊರು ಅಮೆರಿಕದ ಮಿಸಿಸಿಪಿ ನದಿಯ ಕಡೆ. ‘ಒಂದೇ ಇದ್ದರೆ ಪಾಪ, ಬೇಜಾರಾಗುತ್ತದೆ’ ಎಂದು ಜೊತೆ ಮಾಡಿ ತಂದದ್ದು. ಗುಂಡ, ಪುಟ್ಟ ಎಂದು ಹೆಸರಿಟ್ಟೆವು. ಇಬ್ಬರಿಗೂ ಒಂದೇ ಗಾಜಿನ ತೊಟ್ಟಿ, ಬಿಸಿಲು ಕಾಯಲು ಒಂದೇ ಕಲ್ಲು.

ಗುಂಡ ಬೇಗ ಬೆಳೆಯಿತು. ಮುಂಗಾಲಿನ ಉದ್ದ ಉಗುರುಗಳನ್ನು ಪುಟ್ಟನ ಮುಖದ ಎದುರು ಹಿಡಿದು ನಡುಗಿಸುತ್ತಿತ್ತು. ‘ಟಾಟಾ ಮಾಡುತ್ತದೆ ನೋಡಿ’ ಎಂದು ನಾವು ನಗುತ್ತಿದ್ದೆವು. ಗಂಡು ಆಮೆಯ ಉಗುರು ಉದ್ದ, ಹೆಣ್ಣಿನ ಎದುರು ಹಾಗೆ ಮಾಡುತ್ತದೆ, ಬೇರೆ ಆಮೆಯನ್ನು ಹೆದರಿಸಲಿಕ್ಕೂ ಮಾಡುತ್ತದೆ ಎಂದು ಆಮೇಲೆ ಗೊತ್ತಾಯಿತು. ಪುಟ್ಟ ಕಲ್ಲು ಹತ್ತಿದರೆ ಗುಂಡ ದೂಡಿ ಹಾಕುತ್ತಿತ್ತು. ತಿಂಡಿ ಹಾಕಿದರೆ ಮೊದಲು ಗುಂಡನಿಗೆ, ಉಳಿದರೆ ಪುಟ್ಟನಿಗೆ. ಇದೆಲ್ಲ ನಮ್ಮ ಕಣ್ಣೆದುರೇ ನಡೆದದ್ದು. ಆದರೂ ಜಗಳ ಅಂತ ನಮಗೆ ಅನಿಸಲಿಲ್ಲ.

ಒಂದು ಸೋಮವಾರ ಶಾಲೆಯಿಂದ ಬಂದಾಗ ತೊಟ್ಟಿಯ ನೀರು ಕೆಂಪಾಗಿತ್ತು. ಪುಟ್ಟನ ಹಿಂಗಾಲಿನ ಚರ್ಮ ಹರಿದಿತ್ತು. ಚಿಪ್ಪು ಉಂಟಲ್ಲ, ಎಂತ ಆಗ್ತದೆ ಎಂದು ಕೆಲವರು ಹೇಳುತ್ತಾರೆ. ಆದರೆ ಕಚ್ಚುವುದು ಚಿಪ್ಪಿಗಲ್ಲ, ಹೊರಗೆ ಚಾಚಿದ ಕಾಲು, ಬಾಲ, ಕುತ್ತಿಗೆಗೆ. ಪಶುವೈದ್ಯರು ಗಾಯ ತೊಳೆದು ಔಷಧಿ ಹಚ್ಚಿದರು. ಗಾಯ ಒಣಗುವ ತನಕ ಹೊರಗೆ ಒಣ ಜಾಗದಲ್ಲಿಡಿ, ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಶುದ್ಧ ನೀರಿಗೆ ಬಿಡಿ ಎಂದರು. ಈ ಜಾತಿಯ ಆಮೆ ನೀರಿನಲ್ಲಿದ್ದರೆ ಮಾತ್ರ ತಿಂಡಿ ನುಂಗುತ್ತದಂತೆ.

ಪಕ್ಕದ ಮನೆಯವರು, ‘ನಾಲ್ಕು ದಿನ ಜಗಳ ಮಾಡ್ತವೆ, ಮತ್ತೆ ರಾಜಿ ಆಗ್ತವೆ. ಒಟ್ಟಿಗೇ ಬಿಡಿ’ ಎಂದರು. ನಾನು ಇದಕ್ಕೆ ವಿರೋಧ. ಹೊಳೆಯಲ್ಲಾದರೆ ಸೋತ ಆಮೆ ಈಜಿ ದೂರ ಹೋಗಬಹುದು. ತೊಟ್ಟಿಯಲ್ಲಿ ಎಲ್ಲಿಗೆ ಹೋಗುವುದು? ರಾತ್ರಿ ಹಗಲು ಗೆದ್ದವನ ಎದುರೇ ಇರಬೇಕು. ಜೊತೆ ಬೇಕು ಎನ್ನುವುದು ನಮ್ಮ ಯೋಚನೆ. ಆಮೆಗೆ ಬೇಕಾದದ್ದು ನೀರು, ತಿಂಡಿ, ಬಿಸಿಲು ಕಾಯುವ ಜಾಗ. ಗುಂಡನದ್ದು ತಪ್ಪಲ್ಲ, ಒಂದೇ ಕಲ್ಲು ಇಟ್ಟ ನಮ್ಮದು.

ಅಪ್ಪ ತೊಟ್ಟಿಯ ನಡುವೆ ಗಾಜು ಹಾಕುವ ಎಂದರು. ಗಾಜಿನಾಚೆ ಕಾಣುತ್ತಿದ್ದರೆ ಗುಂಡ ಸುಮ್ಮನಿರುವುದಿಲ್ಲ. ಕೊನೆಗೆ ಅಮ್ಮನ ಬಟ್ಟೆ ತೊಳೆಯುವ ದೊಡ್ಡ ಟಬ್ಬು ಪುಟ್ಟನ ಮನೆಯಾಯಿತು. (ಅಮ್ಮನಿಗೆ ಇನ್ನೂ ಸಿಟ್ಟು ಉಂಟು.) ಎರಡು ಇಟ್ಟಿಗೆಯ ಮೇಲೆ ಹಳೆಯ ಮಂಗಳೂರು ಹಂಚನ್ನು ಓರೆಯಾಗಿ ಇಟ್ಟಿದ್ದೇವೆ. ಹಂಚು ದೊರಗು, ಕಾಲು ಜಾರುವುದಿಲ್ಲ. ಅರ್ಧ ಟಬ್ಬಿಗೆ ಬಿಸಿಲು, ಅರ್ಧಕ್ಕೆ ನೆರಳು. ಪೂರ್ತಿ ಬಿಸಿಲಿದ್ದರೆ ನೀರು ಕಾದು ಆಮೆ ಸಾಯುತ್ತದೆ. ಮೇಲೆ ಕಾಗೆ, ಬೆಕ್ಕು ಬಾರದ ಹಾಗೆ ಬಲೆ. ಆ ನೀರನ್ನು ಅಡುಗೆಮನೆಯಲ್ಲಿ ಚೆಲ್ಲುವುದಿಲ್ಲ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುತ್ತೇವೆ. ಆಮೆಯ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಭೇದಿ ತರುವ ರೋಗಾಣು ಇರಬಹುದು.

ನಮ್ಮ ಕ್ಲಾಸಿನ ಕೆಲವರು, ‘ಬಸ್ಸಿನಲ್ಲಿ ವಾಮಂಜೂರು ದಾಟಿ ಗುರುಪುರ ಹೊಳೆಗೆ ಬಿಟ್ಟುಬಿಡು, ಪುಣ್ಯ ಬರ್ತದೆ’ ಎಂದರು. ಇದು ಮಾತ್ರ ದೊಡ್ಡ ತಪ್ಪು. ಪ್ರಪಂಚದಲ್ಲಿ ಅತಿ ಹೆಚ್ಚು ಹಾನಿ ಮಾಡುವ ೧೦೦ ಪರದೇಶಿ ಜೀವಿಗಳ ಪಟ್ಟಿಯಲ್ಲಿ ಈ ಆಮೆಯ ಹೆಸರು ಉಂಟು. ನಮ್ಮ ಆಮೆಗಳ ತಿಂಡಿಯನ್ನೂ ಬಿಸಿಲು ಕಾಯುವ ಜಾಗವನ್ನೂ ಇದು ಕಿತ್ತುಕೊಳ್ಳುತ್ತದೆ. ೨೦೧೮ರಲ್ಲಿ ಕೇರಳದ ತ್ರಿಶೂರಿನ ಕಾಲುವೆಯಲ್ಲಿ ಇದು ಸಿಕ್ಕಿತ್ತು. ಯಾರೋ ಸಾಕಿ ಬಿಟ್ಟದ್ದೇ ಇರಬೇಕು. ಗುಂಡ ಪುಟ್ಟನಿಗೆ ಮಾಡಿದ್ದನ್ನು ಹೊಳೆಯ ಆಮೆಗಳಿಗೆ ಮಾಡಲು ನಾವೇ ಕಳಿಸಿದ ಹಾಗೆ ಆಗುವುದಿಲ್ಲವೇ?

ಹಾಗಂತ ಊರಿನ ಆಮೆಯನ್ನು ಹಿಡಿದು ತಂದು ಸಾಕಲಿಕ್ಕೂ ಇಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧ. ಅಜ್ಜಿಮನೆಯ ಬಾವಿಯಲ್ಲಿ ಒಂದು ಉಂಟು. ನಾನು ಇಣುಕಿ ನೋಡಿ ಬರುತ್ತೇನೆ, ಅಷ್ಟೆ.

ಪುಟ್ಟನ ಗಾಯ ವಾಸಿಯಾಗಿದೆ. ಈಗ ಬೆಳಿಗ್ಗೆ ಹಂಚಿನ ಮೇಲೆ ನಾಲ್ಕೂ ಕಾಲು ಚಾಚಿ ಮಲಗುತ್ತದೆ. ಮೊದಲು ಅದು ಹಾಗೆ ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಈ ಆಮೆಗಳು ೩೦ ವರ್ಷ ಬದುಕಬಹುದಂತೆ. ಆಗ ನನಗೆ ೪೧. ಅಷ್ಟು ವರ್ಷ ಎರಡು ಟಬ್ಬಿನ ನೀರು ಬದಲಾಯಿಸಬೇಕು. ಮಾಮ ಮೊನ್ನೆ ಬಂದವರು, ‘ಪುಟ್ಟ ಒಂದೇ ಆಯ್ತಲ್ಲ, ಜೊತೆಗೆ ಇನ್ನೊಂದು ಮರಿ ತರಲಾ?’ ಎಂದು ಕೇಳಿದರು. ನಾನು ಹೇಳುವ ಮೊದಲೇ ಅಮ್ಮ ಒಳಗಿನಿಂದ, ‘ಟಬ್ಬು ಇಲ್ಲ!’ ಎಂದರು.

– ೭ನೇ ತರಗತಿಯ ವಿದ್ಯಾರ್ಥಿ