ಬೆರಳಿಗೆ ಹಚ್ಚಿ ನೋಡಿ ಆಯಿಲ್ ತೀರ್ಮಾನ ಮಾಡೋರಿಗೆ

ನಮ್ಮ ಕಡೆ ಗಂಡಸರು ಎಂಜಿನ್ ಆಯಿಲ್ ಪರೀಕ್ಷೆ ಮಾಡೋ ರೀತಿ ಒಂದೇ. ಗೇಜ್ ಕಡ್ಡಿ ಎಳೀತಾರೆ, ತುದೀಲಿರೋ ಆಯಿಲ್‌ನ ಎರಡು ಬೆರಳ ಮಧ್ಯೆ ಇಟ್ಟು ಉಜ್ತಾರೆ, ಮೂಗಿನ ಹತ್ರ ಹಿಡೀತಾರೆ, "ಇನ್ನೂ ಜಿಡ್ಡೈತೆ, ಇನ್ನೊಂದು ಬೆಳೆ ತಡೀತೈತೆ" ಅಂತ ತೀರ್ಪು ಕೊಡ್ತಾರೆ. ಆಮೇಲೆ ಕೈನ ಪಂಚೆಗೆ ಒರೆಸ್ಕಂಡು ಹೋಗ್ತಾರೆ. ಆ ಪಂಚೆ ಒಗೆಯೋರು ನಾವು. ಹಂಗಾಗಿ ಈ ವಿಷಯದಲ್ಲಿ ಎರಡು ಮಾತಾಡೋ ಹಕ್ಕು ನಮಗೂ ಐತೆ.

ನಮ್ಮನೇಲಿ ಒಂದು ಟ್ರ್ಯಾಕ್ಟರ್, ಒಂದು ಬೈಕು, ಒಂದು ಎಕ್ಸ್‌ಎಲ್ ಅವೆ. ಮೂರರ ಖರ್ಚೂ ಬರೆಯೋದು ನನ್ನ ಪುಸ್ತಕದಲ್ಲಿ, ಹಾಲಿನ ಲೆಕ್ಕದ ಕೆಳಗೆ. ಟ್ರ್ಯಾಕ್ಟರಿಗೆ ಸಾಲದ ಕಂತು ಇನ್ನೂ ಮುಗಿದಿಲ್ಲ. ಮಳೆ ನಂಬ್ಕಂಡು ಶೇಂಗಾ, ರಾಗಿ ಹಾಕೋ ಸೀಮೆ ನಮ್ದು. ಹದ ಬಿದ್ದ ಮೂರ್ನಾಲ್ಕು ದಿನದಲ್ಲಿ ಬಿತ್ತನೆ ಆಗ್ಬೇಕು. ಆವಾಗ ಗಾಡಿ ಕೆಟ್ಟು ನಿಂತ್ರೆ ವರ್ಷದ ಅನ್ನಕ್ಕೇ ಕಲ್ಲು ಬೀಳ್ತೈತೆ.

ಈ ಆಯಿಲ್ ವಿಷಯಕ್ಕೆ ಎರಡು ಪಾರ್ಟಿ ಅವೆ ನೋಡ್ರಿ. ಒಂದು ನಮ್ಮ ಮನೆಯವ್ರ ಪಾರ್ಟಿ: ಮಾಮೂಲಿ ಮಿನರಲ್ ಆಯಿಲ್ ಹಾಕಿದ್ರೆ ಎಷ್ಟು ದಿನ ಬೇಕಾದ್ರೂ ಓಡ್ತೈತೆ, ಕಮ್ಮಿ ಆದಾಗ ಮೇಲೆ ಸ್ವಲ್ಪ ಸುರಿದ್ರೆ ಸಾಕು ಅನ್ನೋರು. ಇನ್ನೊಂದು ಪೇಟೆ ಪಾರ್ಟಿ: ಮಿನರಲ್ ಅಂದ್ರೆ ಕಸ, ಎರಡರಷ್ಟು ದುಡ್ಡು ಕೊಟ್ಟು ಸಿಂಥೆಟಿಕ್ ಹಾಕ್ಸಿ, ಎರಡರಷ್ಟು ದಿನ ಮರ್ತುಬಿಡಿ ಅನ್ನೋರು. ಇಬ್ಬರೂ ಹೇಳೋದು ಮರ್ತುಬಿಡಿ ಅಂತಲೇ. ನಾನು ಇಬ್ಬರ ಮಾತನ್ನೂ ಒಪ್ಪಲ್ಲ.

ಮೊದಲು ಕಪ್ಪು ಬಣ್ಣದ ಮಾತು. ಹೆಂಗಸರಿಗೆ ಬೋಂಡ ಕರಿದ ಎಣ್ಣೆ ನೆನಪಿಗೆ ಬರ್ತೈತೆ, ಕಪ್ಪಾದ್ರೆ ಚೆಲ್ಲಬೇಕು ಅಂತ. ಎಂಜಿನ್‌ಗೆ ಆ ಹೋಲಿಕೆ ಕೂಡಲ್ಲ. ಡೀಸೆಲ್ ಎಂಜಿನ್‌ಗೆ ಹೊಸ ಆಯಿಲ್ ಹಾಕಿ ಒಂದೆರಡು ದಿನ ಉತ್ತರೆ ಸಾಕು, ಕಪ್ಪಗಾಗ್ತೈತೆ. ಅದು ಕೆಟ್ಟಿದ್ದಲ್ಲ. ಆಯಿಲ್ ಒಳಗೆ ಡಿಟರ್ಜೆಂಟ್, ಮಸಿಯನ್ನ ಗಡ್ಡೆ ಕಟ್ಟದಂಗೆ ತೇಲಿಸಿಡೋ ಮದ್ದು, ಸವೆತ ತಡೆಯೋ ಮದ್ದು ಎಲ್ಲ ಬೆರೆಸಿರ್ತಾರೆ. ಬಟ್ಟೆ ನೆನೆಸಿದ ಸೋಪಿನ ನೀರು ಕೊಳೆ ಆಯ್ತು ಅಂದ್ರೆ ಬಟ್ಟೆ ಕೊಳೆ ಬಿಡ್ತು ಅಂತ ತಾನೆ? ಹಂಗೆ. ಆದ್ರೆ ಅದೇ ನೀರಿಗೆ ಮೂರನೇ ಸಲ ಬಟ್ಟೆ ಹಾಕಿದ್ರೆ ನೊರೆನೇ ಬರಲ್ಲ. ಆಯಿಲ್ ಒಳಗಿನ ಮದ್ದೂ ಖರ್ಚಾಗ್ತೈತೆ. ಖರ್ಚಾದ್ಮೇಲೆ ಮಸಿ ತೇಲಲ್ಲ, ಗಸಿಯಾಗಿ ಚೇಂಬರಿನ ತಳ ಹಿಡೀತೈತೆ.

ಈಗ ಬೆರಳಿನ ಪರೀಕ್ಷೆಗೆ ಬರೋಣ. ಪಂಪು, ನಾಸಲ್ ಸರಿ ಇಲ್ಲದಿದ್ರೆ ಉರೀದೇ ಉಳಿದ ಡೀಸೆಲ್ ಇಳಿದು ಆಯಿಲ್ ತೆಳ್ಳಗಾಗ್ತೈತೆ. ಮಸಿ ಸೇರಿ, ಕಾಯ್ದು ಕಾಯ್ದು ದಪ್ಪಗೂ ಆಗ್ತೈತೆ. ಎರಡೂ ಒಟ್ಟಿಗೇ ನಡೆದ್ರೆ ಏನಾಗ್ತೈತೆ? ಒಂದು ತೆಳು ಮಾಡ್ತು, ಇನ್ನೊಂದು ದಪ್ಪ ಮಾಡ್ತು, ಬೆರಳಿಗೆ "ಜಿಡ್ಡು ಸರಿಯಾಗೈತೆ" ಅಂತಲೇ ಸಿಗ್ತೈತೆ. ಒಳಗೆ ಎರಡು ಥರದಲ್ಲೂ ಕೆಟ್ಟಿರ್ತೈತೆ. ಇದನ್ನ ನಮ್ಮ ಮೈದುನನಿಗೆ ಹೇಳಿದ್ರೆ, "ಅತ್ತಿಗೆ, ನೀವು ಸಾರಿಗೆ ಉಪ್ಪು ನೋಡ್ರಿ" ಅಂದ. ಸಾರಿನ ಉಪ್ಪು ನಾಲಿಗೆಗೆ ಗೊತ್ತಾಗ್ತೈತೆ ಕಣಪ್ಪ, ಆಯಿಲ್ ಕಥೆ ಬೆರಳಿಗೆ ಗೊತ್ತಾಗಲ್ಲ ಅಂದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಧೂಳು. ಯಲ್ಲದಕೆರೆ ಸುತ್ತ ಬೇಸಿಗೇಲಿ ರೋಟಾವೇಟರ್ ಹೊಡೆಯೋ ಟ್ರ್ಯಾಕ್ಟರ್ ನೋಡಿದೋರಿಗೆ ವಿವರಿಸೋದೇ ಬೇಡ, ಡ್ರೈವರ್ ಮುಖನೇ ಕಾಣಲ್ಲ. ಆ ಮಣ್ಣಿನ ಪುಡಿ ಅಂದ್ರೆ ಮರಳಿನ ಜಾತಿ, ಕಬ್ಬಿಣ ಸವೆಸೋಂಥದ್ದು. ಏರ್ ಕ್ಲೀನರ್ ಬಟ್ಟಲಿನ ಆಯಿಲ್ ಕೆಸರಾಗಿ ಕೂತಿದ್ರೆ ಧೂಳು ಸೀದಾ ಎಂಜಿನ್ ಒಳಕ್ಕೆ ಹೋಗ್ತೈತೆ. ಆವಾಗ ಒಳಗಿರೋದು ಮಿನರಲ್ಲೋ ಸಿಂಥೆಟಿಕ್ಕೋ, ಎರಡೂ ಉಜ್ಜೋ ಪುಡಿ ಬೆರೆಸಿದಂಗೆ. ಸಿಂಥೆಟಿಕ್ ಹೆಚ್ಚು ಶಾಖ ತಡೀತೈತೆ, ಚಳೀಲಿ ಬೇಗ ಹರೀತೈತೆ, ನಿಧಾನಕ್ಕೆ ಹಳೆಯದಾಗ್ತೈತೆ, ಇದೆಲ್ಲ ನಿಜ. ಆದ್ರೆ ಧೂಳನ್ನ ಅದೇನು ಜೀರ್ಣ ಮಾಡ್ಕಳ್ಳಲ್ಲ. ಇದನ್ನ ಡಬ್ಬ ಮಾರೋರು ಹೇಳಲ್ಲ.

ಮೇಲೆ ಸುರಿಯೋ ಪಾರ್ಟಿಗೆ ಒಂದು ಪ್ರಶ್ನೆ. ಅರ್ಧ ಕೊಡ ಹಳೇ ನೀರಿಗೆ ಅರ್ಧ ಕೊಡ ಹೊಸ ನೀರು ಹಾಕಿದ್ರೆ ಹೊಸ ನೀರಾಗ್ತೈತಾ? ಮೇಲೆ ಸುರಿದಿದ್ರಲ್ಲಿ ಹೊಸ ಮದ್ದು ಬರ್ತೈತೆ, ಇಲ್ಲ ಅನ್ನಲ್ಲ. ಹಳೇ ಮಸಿ, ಮಣ್ಣು, ಲೋಹದ ಪುಡಿ ಅಲ್ಲೇ ಇರ್ತಾವೆ. ಫಿಲ್ಟರ್ ಅಂತೂ ಅದೇ. ಹುಳಿಯಾರು ರಸ್ತೆ ಕಡೆ ನಮ್ಮ ನೆಂಟರೊಬ್ಬರ ಟ್ರ್ಯಾಕ್ಟರ್ ಎರಡು ವರ್ಷ ಬರೀ ಮೇಲೆ ಸುರ್ಕಂಡು ಓಡ್ತು. ಗಡ್ಡಿಯಷ್ಟು ಗಸಿ ಆಯಿಲ್ ಎಳೆಯೋ ಜಾಲರಿಗೆ ಕಟ್ಕಂಡು, ಮುಂಗಾರು ಬಿತ್ತನೆ ಹೊತ್ತಿಗೆ ಬೇರಿಂಗ್ ಹಿಡೀತು. ಹದ ಇರೋವಾಗ ಬಾಡಿಗೆ ಗಾಡಿಗೆ ಕಾದು, ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಬಿತ್ತಿದ್ರು. ಎಂಜಿನ್ ಬಿಚ್ಚಿಸಿದ ಖರ್ಚು ಬೇರೆ. ಅವರ ಮನೆಯಾಕೆ ಆ ವರ್ಷ ಕಿವಿ ಓಲೆ ಅಡ ಇಟ್ಲು. ಉಳಿಸಿದ್ದು ಎಷ್ಟಪ್ಪ ಅಂದ್ರೆ ಏಳೆಂಟು ಲೀಟರ್ ಆಯಿಲ್ಲು, ಒಂದು ಫಿಲ್ಟರು.

"ಅಮೆರಿಕದಲ್ಲಿ ಪರೀಕ್ಷೆ ಮಾಡಿದಾರೆ, ಜಾಸ್ತಿ ದಿನ ಓಡಿಸಿದ್ರೂ ಏನೂ ಆಗಲ್ವಂತೆ" ಅಂತ ನನ್ನ ಮಗ ಒಂದಿನ ಫೋನು ತಂದ. ಓದಿಸಿ ಕೇಳಿದೆ. ನಿಜವೇ. 1996ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಅನ್ನೋ ಪತ್ರಿಕೆಯವ್ರು ನ್ಯೂಯಾರ್ಕಿನ 75 ಟ್ಯಾಕ್ಸಿಗಳನ್ನ 60,000 ಮೈಲಿ ಓಡ್ಸಿ ನೋಡಿದ್ರು. 3,000 ಮೈಲಿಗೊಮ್ಮೆ ಆಯಿಲ್ ಬದಲಾಯಿಸಿದ್ದಕ್ಕೂ 6,000 ಮೈಲಿಗೊಮ್ಮೆ ಬದಲಾಯಿಸಿದ್ದಕ್ಕೂ ಎಂಜಿನ್ ಸವೆತದಲ್ಲಿ ಹೇಳ್ಕಳ್ಳೋ ವ್ಯತ್ಯಾಸ ಕಾಣ್ಲಿಲ್ಲ. ಆದ್ರೆ ಮಗನೇ, ಅವು ಪೆಟ್ರೋಲ್ ಕಾರು, ಡಾಂಬರು ರಸ್ತೆ, ಹಗಲು ರಾತ್ರಿ ಓಡೋ ಗಾಡಿ, ಎಂಜಿನ್ ಆರೋದೇ ಅಪರೂಪ. ಆರದ ಎಂಜಿನ್‌ನಲ್ಲಿ ನೀರಿನ ಪಸೆ ಆವಿಯಾಗಿ ಹೋಗ್ತೈತೆ. ನಮ್ಮ ಎಕ್ಸ್‌ಎಲ್ ಡೈರಿಗೆ ಹೋಗಿ ಹಾಲು ಹಾಕಿ ಬರೋಷ್ಟರಲ್ಲಿ ಸರಿಯಾಗಿ ಬಿಸಿನೂ ಆಗಿರಲ್ಲ. ಇನ್ನೊಂದು, ಅವ್ರು ಎಂಜಿನ್ ಬಿಚ್ಚಿ ಅಳತೆ ಹಾಕಿ ಹೇಳಿದ್ರು, ಬೆರಳಲ್ಲಿ ಉಜ್ಜಿ ಅಲ್ಲ. ಆ ಪರೀಕ್ಷೆಯಿಂದ ನಾನು ಕಲಿತದ್ದು, ಮಿನರಲ್ ಆಯಿಲ್ ಜನ ಹೇಳೋಷ್ಟು ದುರ್ಬಲ ಅಲ್ಲ ಅಂತ. ಸಾವಿರ ಕಿಲೋಮೀಟರಿಗೇ ಬದಲಾಯಿಸಿ ಅಂತ ಬೈಕಿನೋರ್ನ ಹೆದರಿಸೋ ಮೆಕ್ಯಾನಿಕ್‌ಗಳಿಗೂ ಅದನ್ನ ತೋರಿಸ್ಬೇಕು.

ಎಕ್ಸ್‌ಎಲ್ ಅಂದ್ನಲ್ಲ. ಮುಂಚಿನವು ಟೂ ಸ್ಟ್ರೋಕ್, ಪೆಟ್ರೋಲ್ ಜೊತೆಗೇ ಆಯಿಲ್ ಬೆರೆಸಿ ಹಾಕ್ತಿದ್ರು, ಉರಿದು ಹೋಗ್ತಿತ್ತು, ಎಂಜಿನ್ ಆಯಿಲ್ ಇಳಿಸೋ ಮಾತೇ ಇರ್ಲಿಲ್ಲ. 2015ರಲ್ಲಿ ಎಕ್ಸ್‌ಎಲ್ 100 ಬಂತು, ಫೋರ್ ಸ್ಟ್ರೋಕ್. ಗಾಡಿ ಬದಲಾಯ್ತು, ಅಭ್ಯಾಸ ಬದಲಾಗ್ಲಿಲ್ಲ. ಈಗ್ಲೂ ಎಷ್ಟೋ ಜನಕ್ಕೆ ಅದರೊಳಗೆ ಇಳಿಸಿ ತುಂಬೋ ಆಯಿಲ್ ಐತೆ ಅನ್ನೋದೇ ನೆನಪಿರಲ್ಲ. ಬೈಕಿಗೂ ಹೆಚ್ಚು ಕಮ್ಮಿ ಒಂದು ಲೀಟರ್ ಆಯಿಲ್, ಅದೇ ಎಂಜಿನ್ನಿಗೆ, ಅದೇ ಗೇರಿಗೆ, ಅದೇ ಕ್ಲಚ್ಚಿಗೆ. ಇಷ್ಟು ಸ್ವಲ್ಪ ಆಯಿಲ್‌ಗೆ ಇಷ್ಟು ಕೆಲಸ ಕೊಟ್ಟು ಮೇಲೆ ವಾಯಿದೆನೂ ಕೇಳಬಾರದು. ಬೈಕು, ಎಕ್ಸ್‌ಎಲ್‌ಗೆ ಕೈಪಿಡಿ ಹೇಳಿದ್ದಕ್ಕಿಂತ ಒಂದು ದಿನ ಜಾಸ್ತಿ ಬೇಡ ಅನ್ನೋದು ನನ್ನ ಹಟ.

ಟ್ರ್ಯಾಕ್ಟರಿಗೆ ಮಾತ್ರ ಸ್ವಲ್ಪ ಸಡಿಲ ಬಿಡ್ತೀನಿ, ಕಾರಣ ಐತೆ. ಮುಂಚೆ ಡೀಸೆಲ್‌ನಲ್ಲಿ ಗಂಧಕ ಜಾಸ್ತಿ, ಉರಿದಾಗ ಆಮ್ಲ ಆಗಿ ಆಯಿಲ್ ಒಳಗಿನ ಕ್ಷಾರನ ತಿಂದು ಹಾಕ್ತಿತ್ತು. 2020ರ ಏಪ್ರಿಲ್ 1ರಿಂದ ದೇಶದ ತುಂಬ ಬಿಎಸ್-6 ಡೀಸೆಲ್. ಹತ್ತು ಲಕ್ಷ ಭಾಗಕ್ಕೆ ಗಂಧಕ 50 ಇದ್ದದ್ದು 10ಕ್ಕೆ ಇಳೀತು. ಆ ಮಟ್ಟಿಗೆ ಆಯಿಲ್‌ಗೆ ಹೊರೆ ಕಮ್ಮಿ. ಡಬ್ಬದ ಮೇಲಿನ ಅಕ್ಷರನೂ ನೋಡ್ಬೇಕು. ಸಿಎಫ್-4 ಅಂದ್ರೆ 1990ರ ದರ್ಜೆ, ಸಿಐ-4 ಅಂದ್ರೆ 2002ರದ್ದು, ಮಸಿ ತಡೆಯೋ ಶಕ್ತಿ ಜಾಸ್ತಿ. ಎರಡೂ ಮಿನರಲ್ ಆಗಿರಬಹುದು. ಅಂಗಡೀಲಿ "15ಡಬ್ಲ್ಯು-40 ಕೊಡಪ್ಪ" ಅಂದ್ರೆ ದಪ್ಪ ಎಷ್ಟು ಅಂತ ಹೇಳಿದಂಗೆ ಅಷ್ಟೇ, ಗುಣ ಹೇಳಿದಂಗಲ್ಲ.

ವಾಯಿದೆ ಅಳೆಯೋದು ಹೆಂಗೆ? ಹಳೇ ಟ್ರ್ಯಾಕ್ಟರ್‌ಗಳಿಗೆ ಸಾಮಾನ್ಯವಾಗಿ 250 ಗಂಟೆ ಅಂತ ಲೆಕ್ಕ. ಗಂಟೆ ತೋರ್ಸೋ ಮೀಟರ್ ಕೇಬಲ್ ಕಿತ್ತು ಯಾವ ಕಾಲ ಆಯ್ತೋ. ನನ್ನ ಪುಸ್ತಕದಲ್ಲಿ ಡೀಸೆಲ್ ಲೆಕ್ಕ ಐತಲ್ಲ! ನಮ್ಮ ಗಾಡಿ ಗಂಟೆಗೆ ನಾಲ್ಕು ಲೀಟರ್ ಆಸುಪಾಸು ಕುಡೀತೈತೆ. ಅಂದ್ರೆ 1,000 ಲೀಟರ್ ಡೀಸೆಲ್ಲಿಗೆ ಒಂದು ಸಲ ಆಯಿಲ್. ಗಂಟೆಗಿಂತ ಈ ಲೆಕ್ಕನೇ ವಾಸಿ ಅಂತೀನಿ ನಾನು. ಖಾಲಿ ಟ್ರೇಲರ್ ಎಳೆದ ಗಂಟೆನೂ ರೋಟಾವೇಟರ್ ಹೊಡೆದ ಗಂಟೆನೂ ಒಂದೇ ಅಲ್ಲ. ಹೆಚ್ಚು ದುಡಿದ ಗಂಟೆ ಹೆಚ್ಚು ಡೀಸೆಲ್ ಕುಡಿದಿರ್ತೈತೆ.

ಅದನ್ನೂ ದಾಟಿ ಓಡಿಸ್ತೀನಿ ಅನ್ನೋರು ಕಾಗದದ ಪರೀಕ್ಷೆ ಮಾಡ್ರಿ. ಎಂಜಿನ್ ಬಿಸಿಯಾದ್ಮೇಲೆ ನಿಲ್ಸಿ, ಗೇಜ್ ಕಡ್ಡಿಯಿಂದ ಒಂದು ಹನಿ ಸೋಸುಕಾಗದದ ಮೇಲೆ ಬಿಡ್ರಿ, ಕಾಗದ ಲೋಟದ ಬಾಯಿ ಮೇಲೆ ಇರ್ಲಿ, ನಡುಭಾಗ ಯಾವುದಕ್ಕೂ ತಾಗಬಾರದು. ಬೆಳಗಾನ ಬಿಡ್ರಿ. ಕಪ್ಪು ನಡುವಿಂದ ಅಂಚಿನವರೆಗೂ ಹಂತಹಂತವಾಗಿ ತಿಳಿಯಾಗ್ತಾ ಹರಡಿದ್ರೆ ಮಸಿ ತೇಲಿಸೋ ಮದ್ದು ಇನ್ನೂ ಐತೆ. ನಡುವೆ ಕಾಡಿಗೆ ಬೊಟ್ಟಿನಂಗೆ ಗಟ್ಟಿ ಗೆರೆ ಕಟ್ಟಿ, ಸುತ್ತ ಬರೀ ಎಣ್ಣೆ ಹರಡಿದ್ರೆ ಮುಗೀತು. ನೀರು ಸೇರೈತಾ ನೋಡೋಕೆ ಹಳೇ ತಗಡಿನ ಮುಚ್ಚಳ ಚೆನ್ನಾಗಿ ಕಾಯಿಸಿ, ಹೊರಗಡೆ ನಿಂತು ಒಂದೇ ಹನಿ ಹಾಕ್ರಿ. ಒಗ್ಗರಣೆಗೆ ಬಿದ್ದ ನೀರಿನಂಗೆ ಚಟಪಟ ಅಂದ್ರೆ ನೀರೈತೆ. ರೊಟ್ಟಿ ಹಂಚು ಮುಟ್ಟಬ್ಯಾಡ್ರಿ ಮತ್ತೆ. ಧೂಳು ಎಷ್ಟೈತೆ ಅನ್ನೋದನ್ನ ಈ ಎರಡೂ ಹೇಳಲ್ಲ, ಅದಕ್ಕೆ ಏರ್ ಕ್ಲೀನರ್ ಬಿಚ್ಚಿ ನೋಡೋದೊಂದೇ ದಾರಿ.

ಇಳಿಸಿದ ಆಯಿಲ್‌ನ ಬಾಗಿಲಿಗೆ, ಗೆದ್ದಲಿಗೆ, ಎತ್ತಿನ ಗಾಯಕ್ಕೆ ಹಚ್ಚೋರಿದಾರೆ. 2016ರ ಅಪಾಯಕಾರಿ ತ್ಯಾಜ್ಯದ ನಿಯಮದಲ್ಲಿ ಅದೂ ಸೇರೈತೆ. ದನಕ್ಕೆ ಹಚ್ಚಬ್ಯಾಡ್ರಿ, ಅವು ನೆಕ್ತಾವೆ. ಡಬ್ಬದಲ್ಲಿ ತುಂಬಿ, ಹಳೇ ಆಯಿಲ್ ತಗಳ್ಳೋ ಗ್ಯಾರೇಜಿಗೇ ಕೊಡ್ರಿ.

ನಮ್ಮ ಗಾಡಿ ಈ ಸಲ 940 ಲೀಟರ್ ಕುಡಿದೈತೆ. ಮನೆಯವ್ರು ಇನ್ನೂ ಗೇಜ್ ಕಡ್ಡಿ ಎಳೆದು ಉಜ್ತಾ ಅವ್ರೆ. ನಾನು ಆಯಿಲ್ಲು, ಫಿಲ್ಟರು ತರ್ಸಿ ಅಟ್ಟದ ಮೇಲಿಟ್ಟಾಗೈತೆ.