ಗ್ಯಾಸ್ಟ್ರೋಪಬ್ಬೂ ಖಾನಾವಳಿಯೂ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕೂ ತಾಲೂಕುಗಳ ಸುಶಿಕ್ಷಿತ ಮನೆಗಳಲ್ಲಿ ಇತ್ತಿತ್ತಲಾಗಿ ಒಂದು ಹೊಸ ಹಳಹಳಿಯು ಕೇಳಬರುತ್ತಲಿದೆ. ಮಗನೋ ಮಗಳೋ ಬೆಂಗಳೂರಿನಲ್ಲಿ ನೌಕರಿಗಿರುವರು; ತಂದೆತಾಯಿಗಳು ಅಲ್ಲಿಗೆ ಹೋದಾಗ ಅವರನ್ನು ಇಂದಿರಾನಗರದ ಕಡೆಯ ಯಾವುದಾದರೊಂದು ಗ್ಯಾಸ್ಟ್ರೋಪಬ್ಬಿಗೆ ಕರೆದೊಯ್ಯುವರು. ಕರಿಯ ಕಟ್ಟಿಗೆಯ ಮೇಜು, ಹಿತ್ತಾಳೆಯ ದೀಪ, ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ಪದಾರ್ಥಗಳ ಯಾದಿ. ಇಂಗ್ಲಂಡಿನ ಓಣಿಯೊಂದನ್ನೇ ಎತ್ತಿ ತಂದಿಟ್ಟಂತಹ ಸೊಗಸು. ಊರಿಗೆ ಮರಳಿದ ಮೇಲೆ ಉದ್ಗಾರ: "ನಮ್ಮೂರಾಗ ಹೆಂಡ್ರು ಮಕ್ಕಳ್ನ ಕರಕೊಂಡು ಕುಂತು ಉಣ್ಣಾಕ ಒಂದು ಜಾಗಾ ಐತೇನ್ರಿ?" ಈ ಪ್ರಶ್ನೆಯು ನಕ್ಕು ತಳ್ಳಿಹಾಕತಕ್ಕದ್ದಲ್ಲ. ಆದರೆ ಇಲ್ಲಿಯೂ ಅಂತಹ ಇಂಗ್ಲಿಷ್ ಮನೆಯೊಂದನ್ನು ಕಟ್ಟಬೇಕೆಂದು ಅದಕ್ಕೆ ಕೊಡುವ ಉತ್ತರವು ಮಾತ್ರ ಶುದ್ಧ ಅವಿಚಾರವು. ಬೆಂಗಳೂರಿಗಾದರೂ ಇಂಗ್ಲಿಷರ ದಂಡು ಇದ್ದ ನೆನಪುಂಟು. 1948ರ ವರೆಗೆ ಹೈದರಾಬಾದ ಸಂಸ್ಥಾನದಲ್ಲಿದ್ದ ಈ ನೆಲಕ್ಕೆ ಆ ಹಳವಂಡವೇಕೆ?

ಇಂಗ್ಲಂಡಿನವರು ಮಾಡಿದ್ದೇನೆಂಬದನ್ನು ಮೊದಲು ನೋಡಬೇಕು. 'ಪಬ್' ಎಂಬದು 'ಪಬ್ಲಿಕ್ ಹೌಸ್' ಎಂಬದರ ಸಂಕ್ಷೇಪವು. ಓಣಿಯವರ ಸಾರ್ವಜನಿಕ ಮನೆ. ಅಲ್ಲಿ ಬಹುಕಾಲ ಕುಡಿತವೇ ಮುಖ್ಯ, ಊಟವು ಹೆಸರಿಗೆ ಮಾತ್ರ. ಅಂತಹ ಮನೆಗಳಲ್ಲಿ ಬಹಳಷ್ಟು ದೊಡ್ಡ ಬೀರು ಕಂಪನಿಗಳ ಕೈಯಲ್ಲಿದ್ದವು. 1989ರಲ್ಲಿ ಅಲ್ಲಿಯ ಸರಕಾರವು ಆ ಹಿಡಿತಕ್ಕೆ ಮಿತಿ ಹಾಕಲು, ಅನೇಕ ಪಬ್ಬುಗಳು ಸಣ್ಣ ವ್ಯಾಪಾರಿಗಳಿಗೂ ಎಟುಕುವಂತಾದವು. 1991ರಲ್ಲಿ ಡೇವಿಡ್ ಐರ್, ಮೈಕೆಲ್ ಬೆಲ್ಬೆನ್ ಎಂಬಿಬ್ಬರು ಲಂಡನ್ನಿನ ಕ್ಲರ್ಕನ್‌ವೆಲ್ ಭಾಗದ 'ಈಗಲ್' ಎಂಬ ಪಬ್ಬನ್ನು ಹಿಡಿದು ಅಲ್ಲಿ ಉತ್ತಮ ಅಡಿಗೆಯನ್ನು ಆರಂಭಿಸಿದರು. ಗ್ಯಾಸ್ಟ್ರೋಪಬ್ ಎಂಬ ಹೆಸರು ರೂಢಿಗೆ ಬಂದದ್ದು ಅಲ್ಲಿಂದ. ಅವರು ಪರದೇಶದ ಮನೆಯನ್ನು ಹೊತ್ತು ತರಲಿಲ್ಲ. ತಮ್ಮ ಓಣಿಯ ಮನೆಯಲ್ಲಿಯೇ ಒಲೆ ಹೂಡಿದರು. ಅವರ ಅನುಕರಣವನ್ನೇ ಮಾಡಬೇಕೆಂದರೆ ಕೊಪ್ಪಳದವನು ಹುಡುಕಬೇಕಾದದ್ದು ಬಸ್ ನಿಲ್ದಾಣದ ಎದುರಿನ ಖಾನಾವಳಿಯನ್ನು.

ಊಟದ ಮಾತನ್ನೇ ತೆಗೆದುಕೊಳ್ಳಿರಿ. ಇಂಗ್ಲಿಷ್ ಪಬ್ಬುಗಳ ಯಾದಿಯಲ್ಲಿ 'ಪ್ಲೌಮನ್ಸ್ ಲಂಚ್' ಎಂಬದೊಂದುಂಟು; ಉಳುವವನ ಬುತ್ತಿ ಎಂದು ಅದರ ಅರ್ಥ. ರೊಟ್ಟಿ, ಚೀಸು, ಹಸಿ ಉಳ್ಳಾಗಡ್ಡಿ, ಉಪ್ಪಿನಕಾಯಿ, ಇಷ್ಟೇ ಅದರ ಸಂಪತ್ತು. ಆ ಹೆಸರನ್ನು ಪ್ರಚಾರಕ್ಕೆ ತಂದವರಾದರೂ ಉಳುವವರಲ್ಲ. 1950-60ರ ದಶಕಗಳಲ್ಲಿ ಚೀಸಿನ ಮಾರಾಟವನ್ನು ಹೆಚ್ಚಿಸಲು ಹೊರಟ ವ್ಯಾಪಾರದ ಸಂಸ್ಥೆಗಳು. ಇನ್ನೊಂದು 'ಶೆಫರ್ಡ್ಸ್ ಪೈ', ಕುರುಬನ ಹೆಸರಿನದು. ಹಿಟ್ಟಿನಲ್ಲಿ ಅದ್ದಿ ಕರಿದ ಮೀನಂತೂ ಮಿರ್ಚಿ ಭಜಿಯ ದಾಯಾದಿಯೇ ಸರಿ. ಯಲಬುರ್ಗಾದ ಎರಿಹೊಲದಲ್ಲಿ ಉಳುವವನು ಜೋಳದ ರೊಟ್ಟಿಯ ಮೇಲೆ ಗುರೆಳ್ಳು ಚಟ್ನಿ ಹಾಕಿಕೊಂಡು ಉಳ್ಳಾಗಡ್ಡಿ ಕಚ್ಚಿದರೆ ಅದು ಬಡತನ. ಇಂಗ್ಲಂಡಿನ ಉಳುವವನ ಹೆಸರಿನಲ್ಲಿ ಅದನ್ನೇ ತಟ್ಟೆಯಲ್ಲಿಟ್ಟರೆ ಅದು ನಾಗರಿಕತೆ! ಕುಷ್ಟಗಿಯ ಕುರುಬನು ಕಂಬಳಿಯ ಗಂಟಿನಿಂದ ಬಿಚ್ಚುವ ಬುತ್ತಿಗೆ ಈ ಮಾನವು ಎಂದು ಬಂದೀತು?

ಕುಡಿತದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಅದೇನು ಇಂಗ್ಲಿಷರ ಶೋಧವಲ್ಲ. ಪಾನಾಗಾರಕ್ಕೆ ಅನೇಕ ಕೋಣೆಗಳೂ ಬೇರೆ ಬೇರೆ ಆಸನಗಳೂ ಗಂಧಮಾಲ್ಯಗಳೂ ನೀರೂ ಇರಬೇಕು, ಅದು ಎಲ್ಲ ಋತುಗಳಲ್ಲಿಯೂ ಸುಖಕರವಾಗಿರಬೇಕು ಎಂದು ಕೌಟಿಲ್ಯನ ಅರ್ಥಶಾಸ್ತ್ರವು ವಿಧಿಸಿದೆ. ಅದೇ ಗ್ರಂಥದಲ್ಲಿ ಅನ್ನ ಮಾರುವ ಔದನಿಕನೂ ಮದ್ಯ ಮಾರುವ ಶೌಂಡಿಕನೂ ಬೇರೆ ಬೇರೆ ಹೆಸರಿನ ಕಸುಬುದಾರರು. ಹಸಿದವನು ಶೌಂಡಿಕನ ಬಾಗಿಲಿಗೇ ಹೋಗಬೇಕೆಂಬ ನಿರ್ಬಂಧವು ಮಾತ್ರ ಅನವಶ್ಯಕವಾದುದು.

ಈಗ ಪಬ್ಬಿನ ಪಕ್ಷಪಾತಿಗಳ ನಿಜವಾದ ಆಕ್ಷೇಪಕ್ಕೆ ಬರೋಣ. ಖಾನಾವಳಿಯು ಗಂಡಸರ ಜಾಗ. ಅಲ್ಲಿ ಹೆಂಗಸರು ಸಂಕೋಚವಿಲ್ಲದೆ ಕೂಡ್ರುವ ಏರ್ಪಾಡು ವಿರಳ. ಕೈ ತೊಳೆಯುವ ಮೂಲೆಯನ್ನು ನೋಡಿದರೆ ಹಸಿವೆಯೇ ಅಡಗುವದು. ಇದೆಲ್ಲವೂ ನಿಜ. ಬೆಳಗಿನಿಂದ ಒಲೆಯ ಮುಂದೆ ರೊಟ್ಟಿ ಬಡಿಯುವವಳು ಹೆಂಗಸು; ಮುಂದಿನ ಪಡಸಾಲೆಯಲ್ಲಿ ಕುಳಿತು ಉಣ್ಣುವವಳು ಅವಳಲ್ಲ. ಇದಕ್ಕಿಂತ ಕೆಟ್ಟದ್ದು ಇನ್ನೊಂದುಂಟು. ಎಷ್ಟೋ ಖಾನಾವಳಿಗಳ ಫಲಕದ ಮೇಲೆ ಊಟದ ಹೆಸರಿಗಿಂತ ಮೊದಲು ಜಾತಿಯ ಹೆಸರು ಇರುತ್ತದೆ. ಸಂವಿಧಾನದ 15ನೆಯ ಅನುಚ್ಛೇದವು ಸಾರ್ವಜನಿಕ ಭೋಜನಗೃಹಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಕೂಡದೆಂದು 1950ರಿಂದಲೂ ಹೇಳುತ್ತಿದೆ. ಆದರೂ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ, ಕ್ಷೌರದಂಗಡಿಗೂ ಹೋಟೆಲಿಗೂ ದಲಿತರನ್ನು ಬಿಟ್ಟುಕೊಳ್ಳದ ಜಗಳದ ಬೆನ್ನಿಗೆ, 2014ರ ಆಗಸ್ಟಿನಲ್ಲಿ ಅವರ ಗುಡಿಸಲುಗಳಿಗೆ ಬೆಂಕಿ ಬಿದ್ದಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯವು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು; ಅನಂತರ ಪ್ರಕರಣವು ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಒಂದು ಬಟ್ಟಲು ಚಹದ ಬಾಗಿಲಲ್ಲಿ ಇಷ್ಟು ಬೆಂಕಿ ಅಡಗಿರುವ ಜಿಲ್ಲೆಯಲ್ಲಿ ಹಿತ್ತಾಳೆಯ ದೀಪದ ಚಿಂತೆಯೇ?

ಪಬ್ಬಿನಲ್ಲಿ ಜಾತಿ ಕೇಳುವದಿಲ್ಲವೆಂದು ಹೇಳುವರು. ಒಪ್ಪತಕ್ಕ ಮಾತು. ಆದರೆ ಒಬ್ಬನ ಒಂದು ಹೊತ್ತಿನ ಊಟಕ್ಕೆ ಸಾವಿರ ರೂಪಾಯಿ ಕೇಳುವ ಬಾಗಿಲು ಮರಕುಂಬಿಯ ಕೂಲಿಕಾರನಿಗೆ ತೆರೆದಂತಾಯಿತೇ? ಇಂಗ್ಲಂಡಿನಲ್ಲಿಯೂ ಹಿಂದೆ ಒಂದೇ ಪಬ್ಬಿನೊಳಗೆ ಕೂಲಿಗಳಿಗೊಂದು ಕೋಣೆ, ಉಳ್ಳವರಿಗೊಂದು ಕೋಣೆ ಇದ್ದು, ಬೀರಿನ ಬೆಲೆಯೂ ಬೇರೆಯಾಗಿತ್ತು. ಆ ಅಡ್ಡಗೋಡೆಗಳನ್ನು ಅವರೇ ಒಂದೊಂದಾಗಿ ಕಿತ್ತರು. ತರಬೇಕಾದರೆ 'ಪಬ್ಲಿಕ್' ಎಂಬ ಆ ಅರ್ಧ ಹೆಸರನ್ನು ತರಲಿ. ಉಳಿದರ್ಧವು ಇಲ್ಲಿಯೇ ಇದೆ. ಸುಶಿಕ್ಷಿತ ಗೃಹಸ್ಥರು ಹೆಂಡತಿ ಮಕ್ಕಳೊಡನೆ, ಬೀಗರೊಡನೆ ಆದಿತ್ಯವಾರ ಖಾನಾವಳಿಗೆ ಹೋಗಲಿ. ಫಲಕದ ಮೇಲಿನ ಜಾತಿಯನ್ನು ಅಳಿಸೆಂದು ಯಜಮಾನನಿಗೆ ಹೇಳಲಿ. ಶುಚಿಯಾದ ನೀರು, ಹೆಂಗಸರೂ ನಿಶ್ಚಿಂತೆಯಾಗಿ ಕೂಡ್ರುವ ಜಾಗ, ರೊಟ್ಟಿ ಬಡಿಯುವವಳಿಗೆ ಸರಿಯಾದ ಕೂಲಿ, ಇವುಗಳಿಗಾಗಿ ಹತ್ತು ರೂಪಾಯಿ ಹೆಚ್ಚು ಕೊಡಲು ಹಿಂಜರಿಯದಿರಲಿ.

ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿಗಳು ದಾಸೋಹಕ್ಕೆ ಬರುತ್ತವೆ. ಯಾವ ಮನೆಯ ರೊಟ್ಟಿ ಯಾರ ತಟ್ಟೆಗೆ ಬಿದ್ದಿತೆಂದು ಅಲ್ಲಿ ಯಾರೂ ವಿಚಾರಿಸುವದಿಲ್ಲ; ವಕೀಲನೂ ಹಮಾಲನೂ ಅದನ್ನೇ ಉಂಡು ಏಳುವರು. ಜಾತ್ರೆಯ ದಿನಗಳಲ್ಲಿ ಆಗುವದು ಉಳಿದ ದಿನಗಳಲ್ಲಿ ಬಸ್ ನಿಲ್ದಾಣದ ಎದುರಿಗೆ ಏಕೆ ಆಗದೆಂಬದನ್ನು, ಇಂಗ್ಲಿಷ್ ಮನೆಯ ನಕಾಶೆಯನ್ನು ಬಿಚ್ಚುವ ಮೊದಲು, ಈ ಮಹನೀಯರು ತಿಳಿಸಲಿ.