ಮತವು ಜುಟ್ಟಿನ ಮಲ್ಲಿಗೆಯೇ?



ಹೊಟ್ಟೆಗೆ ಹಿಟ್ಟಿಲ್ಲದವನಿಗೆ ಜುಟ್ಟಿಗೆ ಮಲ್ಲಿಗೆ ಏಕೆ ಎಂದು ಪ್ರಜಾಪ್ರಭುತ್ವವನ್ನು ಹಳಿಯುವವರಿದ್ದಾರೆ. ಮತ, ಸಂಘ, ಪತ್ರಿಕಾ ಸ್ವಾತಂತ್ರ್ಯಗಳೆಲ್ಲ ಪಶ್ಚಿಮದ ಬೆಳೆ, ನಮ್ಮ ಮಣ್ಣಿಗೆ ಒಗ್ಗವು, ಬಡವನಿಗೆ ಅನ್ನ ಸಾಕು ಎಂಬುದು ಅವರ ವಾದ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಧಣಿಗಳು ಹೀಗೆಂದರೆ ನಮಗೆ ಆಶ್ಚರ್ಯವಿಲ್ಲ. ತಟ್ಟೆ ಲೋಟ ತೊಳೆಯುವ, ಮಗ್ಗದ ಮುಂದೆ ನಿಲ್ಲುವ ನಮ್ಮವರೂ ಇದಕ್ಕೆ ತಲೆಯಾಡಿಸುತ್ತಿರುವುದರಿಂದ ಉತ್ತರ ಕೊಡಲೇಬೇಕಾಗಿದೆ.

ಪಶ್ಚಿಮದ ಬೆಳೆಯೇ? ಪ್ರಜಾಪ್ರಭುತ್ವದ ತವರೆಂದು ಹೆಸರಾದ ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ರಾಷ್ಟ್ರೀಯ ಚುನಾವಣೆಯ ಮತ ದೊರೆತದ್ದು 1971ರಲ್ಲಿ! ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ಜನರು ಅಡ್ಡಿಯಿಲ್ಲದೆ ಮತ ಹಾಕಲು 1965ರ ಕಾಯಿದೆ ಬರಬೇಕಾಯಿತು. ನಮ್ಮಲ್ಲಿಯಾದರೋ 1951-52ರ ಪ್ರಥಮ ಮಹಾಚುನಾವಣೆಯಲ್ಲಿಯೇ 17 ಕೋಟಿಗೂ ಹೆಚ್ಚು ಮತದಾರರಿದ್ದರು. ಬಹುಪಾಲು ಜನ ಅಕ್ಷರ ಬಾರದವರು. ಚಿಹ್ನೆ ನೋಡಿ ಮತ ಹಾಕಿದರು. ಹೀಗಿರುವಾಗ ಯಾರು ಯಾರಿಗೆ ಪಾಠ ಹೇಳಬೇಕು?

ಬಡವನಿಗೆ ಅನ್ನ ಮಾತ್ರ ಸಾಕೇ? ಕಾರ್ಮಿಕರದೇ ರಾಜ್ಯವೆಂದು ಹೇಳಿಕೊಳ್ಳುತ್ತಿದ್ದ ಪೋಲೆಂಡಿನಲ್ಲಿ 1980ರ ಆಗಸ್ಟಿನಲ್ಲಿ ಗ್ಡಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಮುಷ್ಕರ ಹೂಡಿದರು. ಮಾಂಸದ ಬೆಲೆ ಏರಿ ಹೊಟ್ಟೆ ಉರಿದಿದ್ದ ಕಾಲವದು. ಆದರೂ ಅವರ 21 ಬೇಡಿಕೆಗಳಲ್ಲಿ ಮೊದಲನೆಯದು ಸ್ವತಂತ್ರ ಸಂಘ, ಎರಡನೆಯದು ಮುಷ್ಕರದ ಹಕ್ಕು. ಸಂಬಳದ ಏರಿಕೆ ಎಂಟನೆಯದು! ಸಂಘವಿಲ್ಲದಿದ್ದರೆ ಇಂದು ಕೊಟ್ಟ ಸಂಬಳವನ್ನು ನಾಳೆ ಕಸಿದುಕೊಳ್ಳಬಹುದೆಂದು ಅವರು ಬಲ್ಲವರಾಗಿದ್ದರು.

ದೂರದ ಮಾತೇಕೆ? 1975ರಲ್ಲಿ ನಮ್ಮ ದೇಶದಲ್ಲಿಯೇ ತುರ್ತು ಪರಿಸ್ಥಿತಿ ಬಂತು. ಪತ್ರಿಕೆಗಳ ಬಾಯಿ ಕಟ್ಟಿದರು, ಮುಖಂಡರನ್ನು ಸೆರೆಗೆ ತಳ್ಳಿದರು. ಅದೇ ವರ್ಷ ಕನಿಷ್ಠ ಬೋನಸ್ಸನ್ನು ಶೇಕಡ 8.33ರಿಂದ 4ಕ್ಕೆ ಇಳಿಸಿದರು. ಬೀದಿಗಿಳಿದು ಕೇಳುವಂತಿರಲಿಲ್ಲ. 1977ರ ಮಾರ್ಚಿನಲ್ಲಿ ಬಡ ಮತದಾರನೇ ಆ ಸರ್ಕಾರವನ್ನು ಕೆಳಗಿಳಿಸಿದನು; ಅದೇ ವರ್ಷ 8.33 ಮರಳಿ ಬಂತು. ಸ್ವಾತಂತ್ರ್ಯ ಹೋದಾಗ ಅನ್ನವೂ ಹೋಯಿತು, ಬಂದಾಗ ಅನ್ನವೂ ಬಂತು. ಇದಕ್ಕಿಂತ ಸಾಕ್ಷಿ ಬೇಕೇ?

ಮತ ಹಾಕಿದ ಮಾತ್ರಕ್ಕೆ ಹೊಟ್ಟೆ ತುಂಬುವುದೆಂದು ನಾವು ಹೇಳುವುದಿಲ್ಲ. ಮತವಿಲ್ಲದವನ ತಟ್ಟೆಗೆ ಯಾರು ಬೇಕಾದರೂ ಕೈ ಹಾಕಬಲ್ಲರು ಎನ್ನುತ್ತೇವೆ. ನಮ್ಮವರಲ್ಲಿ ಎಷ್ಟೋ ಮಂದಿಯ ಹೆಸರು ಊರಿನ ಪಟ್ಟಿಯಲ್ಲಿದೆ, ದುಡಿಮೆ ಇಲ್ಲಿದೆ. ಚುನಾವಣೆಯ ದಿನ ಅವರು ಎಲ್ಲಿಯೂ ಇಲ್ಲ. ಬಾಂಧವರೇ, ದುಡಿಯುವ ನಗರದ ಪಟ್ಟಿಯಲ್ಲಿ ಹೆಸರು ಬರೆಸಿರಿ. ಸಂಘದ ಸಭೆಗೆ ಬನ್ನಿರಿ. ಇವೆರಡನ್ನೂ ಬಿಟ್ಟು ಧಣಿಯ ದಯೆಯನ್ನು ನಂಬಬೇಡಿರಿ!